ತೂಬಿನ ಇನಾಸ್ ಮತ್ತು ಆರು ಗುರುವಾರಗಳು

ಖಾರೆಭಾಟದ ಪಂಚಾಯಿತಿ ಗೋಡೆಗೆ ಯಾರೋ ಒಂದು ಭಿತ್ತಿಪತ್ರ ಅಂಟಿಸಿ ಹೋಗಿದ್ದರು. ಮನೆಯ ಹೆಂಚು ಬದಲಿಸಲು ಒಪ್ಪಿಗೆ ಕೇಳಲು ಬಂದಿದ್ದ ಇನಾಸ್ ರೆಬೆಲೊ ಅದರ ಮುಂದೆ ನಿಂತವನು ನಿಂತೇಬಿಟ್ಟ. ಅಕ್ಷರಗಳನ್ನು ಓದಿದ್ದು ಆಮೇಲೆ, ಮೊದಲು ಕಣ್ಣಿಗೆ ಬಿದ್ದದ್ದು ಚಿತ್ರ. ಎರಡು ಕೆಂಪು ಕಲ್ಲಿನ ಕಂಬಗಳು, ನಡುವೆ ಒಂದೇ ಕೀಲಿನಲ್ಲಿ ಜೋತುಬಿದ್ದ ಮರದ ಬಾಗಿಲು, ಪಕ್ಕದಲ್ಲಿ ಒಡ್ಡು ಕಿತ್ತುಹೋದ ಜಾಗದ ತುಂಬ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು. ಇಪ್ಪತ್ತೊಂಬತ್ತು ವರ್ಷ ಅವನು ದಿನಕ್ಕೆರಡು ಸಲ ಮುಟ್ಟಿದ್ದ ಬಾಗಿಲು ಅದು.

ಚಿತ್ರದ ಕೆಳಗೆ ಕೊಂಕಣಿಯಲ್ಲಿ ಬರೆದಿತ್ತು: ಬದಲಾಗುತ್ತಿರುವ ನೀರು ಮತ್ತು ನೆಲ. ಸಾರ್ವಜನಿಕರಿಗಾಗಿ ಆರು ಉಪನ್ಯಾಸಗಳು. ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ, ಗುಡ್ಡದ ಮೇಲಿನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ.

"ಏನ್ ಇನಾಸ್ ಅಂಕಲ್, ಈ ವಯಸ್ಸಲ್ಲಿ ಕಾಲೇಜಿಗೆ ಸೇರ್ತೀರಾ?" ಎಂದು ಒಳಗಿನಿಂದ ಗುಮಾಸ್ತ ಕೇಳಿದ.

"ಚಾ ಕೊಡ್ತಾರಾ ಅಲ್ಲಿ?"

"ಕೊಡ್ತಾರಂತೆ. ಬಿಸ್ಕೀಟೂ ಕೊಡ್ತಾರಂತೆ."

"ಹಾಗಾದ್ರೆ ನೀನೂ ಬಾ. ಇಲ್ಲಿ ಕೂತು ತೂಕಡಿಸೋದನ್ನ ಅಲ್ಲಿ ತೂಕಡಿಸು, ಫ್ಯಾನಾದ್ರೂ ಚೆನ್ನಾಗಿರುತ್ತೆ."

ಗುಮಾಸ್ತ ನಕ್ಕ. ಇನಾಸ್ ನಗಲಿಲ್ಲ. ಹೆಂಚಿನ ವಿಷಯ ಕೇಳುವುದನ್ನೂ ಮರೆತು ಮನೆಗೆ ನಡೆದ.

ಅವನಿಗೆ ಆಗ ಎಪ್ಪತ್ತೊಂದು. ಅಪ್ಪ ತೂಬುಗಾರ, ಅಜ್ಜನೂ ತೂಬುಗಾರ. ಸಮುದ್ರ ಉಬ್ಬಿದಾಗ ಜುವಾರಿ ನದಿಗೆ ಏರಿಬರುವ ಭರತದ ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ಉದ್ದಕ್ಕೂ ಕೆಸರಿನ ಒಡ್ಡು, ಒಡ್ಡಿನ ನಡುವೆ ಒಂದು ತೂಬು. ಒಡ್ಡಿನ ಈಚೆ ನದಿಗಿಂತ ತಗ್ಗಿನಲ್ಲಿರುವ ಖಾಜನ್ ಗದ್ದೆಗಳಲ್ಲಿ ಹನ್ನೊಂದು ಮನೆಗಳ ಅನ್ನ ಬೆಳೆಯುತ್ತಿತ್ತು. ಭರತ ಏರುವಾಗ ನೀರೇ ಬಾಗಿಲನ್ನು ತಳ್ಳಿ ಮುಚ್ಚುತ್ತದೆ, ಇಳಿಯುವಾಗ ಗದ್ದೆಯ ನೀರೇ ಅದನ್ನು ತೆರೆದು ಹೊರಗೆ ಹರಿಯುತ್ತದೆ. ಹಾಗಿದ್ದ ಮೇಲೆ ತೂಬುಗಾರ ಯಾಕೆ ಎಂದು ಕೇಳುವವರೂ ಇದ್ದರು. ಬಾಗಿಲ ಸಂದಿಗೆ ಒಂದು ತೆಂಗಿನ ಸಿಪ್ಪೆ ಸಿಕ್ಕಿದರೆ ಸಾಕು, ಬೆಳಗಾಗುವುದರೊಳಗೆ ನಾಲ್ಕು ಗದ್ದೆಯ ಪೈರು ಕೆಂಪಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಇನಾಸ್ ನೀರಿನ ಸದ್ದು ಕೇಳಿಯೇ ಬಾಗಿಲು ಪೂರಾ ಕೂತಿದೆಯೋ ಇಲ್ಲವೋ ಹೇಳಬಲ್ಲವನಾಗಿದ್ದ. ಅಮಾವಾಸ್ಯೆ ಹುಣ್ಣಿಮೆಗಳನ್ನು ಅವನು ಕ್ಯಾಲೆಂಡರಿನಲ್ಲಿ ನೋಡಿದ್ದೇ ಇಲ್ಲ.

ಒಡ್ಡು ಒಡೆದು ಇಪ್ಪತ್ತೆರಡು ವರ್ಷವಾಗಿತ್ತು. ಆಮೇಲೆ ಅವನು ಮಡಗಾಂವಿನ ಒಂದು ಬೇಕರಿಯಲ್ಲಿ ಮೂಟೆ ಹೊತ್ತ, ಚರ್ಚಿನ ಅಂಗಳ ಗುಡಿಸಿದ, ಹೆಂಡತಿ ಕಿತೇರಿಯನ್ನು ಮಣ್ಣಿಗಿಟ್ಟ. ಮಕ್ಕಳಿರಲಿಲ್ಲ. ತೂಬಿನ ಕಡೆಗೆ ಹೋಗುವ ಹಾದಿಯನ್ನು ಬಿಟ್ಟು ಸುತ್ತುಬಳಸಿ ನಡೆಯುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು.

ಮೊದಲ ಗುರುವಾರ ಅವನು ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಎರಡು ಬಸ್ಸು ಬದಲಿಸಿ ಗುಡ್ಡ ಹತ್ತಿದ. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿದ್ದರು, ಬಂದವರು ಹೆಸರು ಮತ್ತು ಕೆಲಸ ಬರೆಯಬೇಕು. ‘ಇನಾಸ್, ಖಾರೆಭಾಟ, ರೈತ’ ಎಂದು ಬರೆದ. ರೈತ ಎಂಬ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಳಗೆ ಐವತ್ತು ಅರವತ್ತು ಜನ ಇದ್ದರು. ನಿವೃತ್ತ ಮೇಷ್ಟರುಗಳು, ಮೀನುಗಾರರ ಸಂಘದವರು, ನೋಟುಪುಸ್ತಕ ಹಿಡಿದ ಹುಡುಗಿಯರು. ಅವನು ಹಿಂದಿನ ಸಾಲಿನಲ್ಲಿ ಕೂತ.

ಉಪನ್ಯಾಸ ಕೊಟ್ಟವರು ಪ್ರಾಧ್ಯಾಪಕಿ ಸುಲಕ್ಷಾ ಕುಡ್ಚಡ್ಕರ್. ಐವತ್ತರ ಆಸುಪಾಸಿನ, ಸಣ್ಣ ಮೈಯ, ಗಟ್ಟಿ ದನಿಯ ಹೆಂಗಸು. ಎಲ್ಲರೂ ಅವರನ್ನು ಗೌರವದಿಂದ ‘ಬಾಯಿ’ ಎಂದು ಕರೆಯುತ್ತಿದ್ದರು. ಎದ್ದು ನಿಂತ ಕೂಡಲೇ, "ನಾನು ಇಂಗ್ಲಿಷಿನಲ್ಲಿ ಇಪ್ಪತ್ತೈದು ವರ್ಷ ಪಾಠ ಮಾಡಿದೆ. ಯಾರ ಗದ್ದೆ ಬಗ್ಗೆ ಹೇಳ್ತಿದ್ನೋ ಅವರಿಗೇ ಒಂದು ಮಾತೂ ಮುಟ್ಟಲಿಲ್ಲ. ಅದಕ್ಕೇ ಈ ಸಲ ಕೊಂಕಣಿ. ತಪ್ಪಿದ್ರೆ ತಿದ್ದಿ" ಎಂದರು. ಆ ದಿನ ಅವರು ಹೇಳಿದ್ದು ಹಳೆಯ ಒಡ್ಡುಗಳ ಕತೆ. ಜೇಡಿಮಣ್ಣನ್ನು ಯಾವ ತಿಂಗಳು ತೆಗೆಯಬೇಕು, ಹುಲ್ಲನ್ನು ನಡುವೆ ಹೇಗೆ ಹಾಸಬೇಕು ಎಂದೆಲ್ಲ ಹೇಳಿದರು. ಇನಾಸನಿಗೆ ಎರಡು ಕಡೆ ತಪ್ಪು ಕಂಡಿತು. ಆದರೆ ತಿದ್ದಲಿಲ್ಲ.

ಎರಡನೆಯ ಗುರುವಾರ ಮಳೆಯ ಮಾತು. ಮೂರನೆಯ ಗುರುವಾರ ಸಮುದ್ರದ ಮಾತು. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ತೆವಳುತ್ತ ಏರುತ್ತಿತ್ತು. ಭೂಮಿ ಕಾಯುತ್ತಿದೆ, ಕಾದ ನೀರು ಹಿಗ್ಗುತ್ತದೆ, ದೂರದ ಮಂಜುಗಡ್ಡೆ ಕರಗಿ ಅದಕ್ಕೆ ಸೇರುತ್ತದೆ, ಹೀಗೆ ನಮ್ಮ ನದಿಯ ಭರತವೂ ವರ್ಷವರ್ಷಕ್ಕೆ ಕೂದಲೆಳೆಯಷ್ಟು ಏರುತ್ತಿದೆ ಎಂದು ಸುಲಕ್ಷಾ ಬಾಯಿ ವಿವರಿಸಿದರು. ಆಮೇಲೆ ಪರದೆಯಲ್ಲಿ ಖಾರೆಭಾಟದ ತೂಬು ಬಂತು.

"ಇಲ್ಲಿ ನೋಡಿ. ಬಾಗಿಲು ಮುಚ್ಚಿತ್ತು, ಒಡ್ಡನ್ನ ಆ ವರ್ಷವೇ ಏರಿಸಿದ್ರು. ಆದ್ರೂ ಒಂದು ಅಮಾವಾಸ್ಯೆ ಭರತಕ್ಕೆ ಇಪ್ಪತ್ತು ಮಾರು ಒಡ್ಡು ಹೋಯ್ತು. ಊರವರು ಒಬ್ಬರನ್ನೊಬ್ಬರು ದೂರಿಕೊಂಡ್ರಂತೆ. ಪಾಪ, ಅದು ಯಾರ ತಪ್ಪೂ ಅಲ್ಲ."

ಇನಾಸನ ಕೈ ಎದುರಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತು. ಸುಲಕ್ಷಾ ಬಾಯಿ ಮುಂದಿನ ಚಿತ್ರಕ್ಕೆ ಹೋದರು. ಅವನು ಆ ಮಾತಿನಲ್ಲೇ ಉಳಿದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನೇ ಮೆಲ್ಲಗೆ ಬಾಯಲ್ಲಿ ಹೊರಳಿಸಿದ. ಮನೆಗೆ ಬಂದು ಪೇಜ್ ಗಂಜಿ ಕುಡಿದು, ಒಣಮೀನು ಸುಟ್ಟುಕೊಂಡು ತಿಂದು, ಮಲಗಿದವನು ಚರ್ಚಿನ ಬೆಳಗಿನ ಗಂಟೆಗೆ ಎದ್ದ. ಅಷ್ಟು ನಿದ್ದೆ ಅವನಿಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಆಗಿದ್ದದ್ದು ಬೇರೆ. ಅದನ್ನು ತಿಳಿದವರಲ್ಲಿ ಉಳಿದವನು ಅವನೊಬ್ಬನೇ.

ತೂಬಿನ ಬಾಯಿಗೆ ಬಲೆ ಕಟ್ಟಿ ಮೀನು ಹಿಡಿಯುವ ಹಕ್ಕನ್ನು ಪ್ರತಿ ವರ್ಷ ಹರಾಜಿಗಿಡುತ್ತಿದ್ದರು. ಆ ವರ್ಷ ಹಕ್ಕು ಹಿಡಿದವನು ಬೆನಿತ್ ಎಂಬ ಗುತ್ತಿಗೆದಾರ. ಕೊಯ್ಲಾಗುವ ತನಕ ಬಾಗಿಲು ಮುಟ್ಟಬಾರದು ಎನ್ನುವುದು ನಿಯಮ. ಆದರೆ ಸೆಪ್ಟೆಂಬರಿನಲ್ಲೇ ನದಿಯಲ್ಲಿ ಸಿಗಡಿ ಮುತ್ತಿಕೊಂಡಿತ್ತು. ಬೆನಿತ್ ಬಂದು ಒಡ್ಡಿನ ಮೇಲೆ ಕುಕ್ಕರಗಾಲಲ್ಲಿ ಕೂತ.

"ಎರಡು ಭರತ, ಅಷ್ಟೇ ಇನಾಸ್. ಬಾಗಿಲು ಮುಚ್ಚದ ಹಾಗೆ ಒಂದು ಗಳ ಕೊಡು, ಒಳಗೆ ಬಂದದ್ದನ್ನ ಇಳಿತದಲ್ಲಿ ಬಾಚಿಕೊಳ್ತೀನಿ. ಪೈರಿಗೆ ಏನೂ ಆಗಲ್ಲ."

"ಹೂವಿಗೆ ಬಂದಿದೆ ಧಣಿ. ಈಗ ಉಪ್ಪು ಬಿದ್ರೆ ಜೊಳ್ಳು."

"ನಾನು ನಿನ್ನನ್ನ ಯಾವತ್ತಾದ್ರೂ ಏನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ. ಆ ಮಳೆಗಾಲ ಕಿತೇರಿಯ ಹೊಟ್ಟೆಯಲ್ಲಿ ಗಡ್ಡೆಯಾಗಿ, ದೋಣಿ ನಿಂತುಹೋಗಿದ್ದ ದಿನಗಳಲ್ಲಿ, ಅವಳನ್ನು ಮೂರು ಸಲ ಆಸ್ಪತ್ರೆಗೆ ಸಾಗಿಸಿದ್ದು ಬೆನಿತನ ಜೀಪು. ನಡುರಸ್ತೆಯ ನೀರಿಗೆ ಇಳಿದು ಜೀಪನ್ನು ತಳ್ಳಿದವನೂ ಅವನೇ. ಆ ಮಾತನ್ನು ಬೆನಿತ್ ಎತ್ತಲೂ ಇಲ್ಲ. ಇನಾಸನಿಗೆ ಇಲ್ಲ ಎನ್ನಲು ನಾಲಗೆ ಬರಲಿಲ್ಲ.

ಗಳ ಕೊಟ್ಟ. ಎರಡು ಭರತ ಒಳಗೆ ಬಂತು, ಹೋಯಿತು. ಮೂರನೆಯದಕ್ಕೂ ಇರಲಿ ಎಂದ ಬೆನಿತ್. ಅಮಾವಾಸ್ಯೆಯ ನೀರು, ಅದರ ಓಟವೇ ಬೇರೆ. ನುಗ್ಗಿ ಬಂದು ನುಗ್ಗಿ ಹೋಗುತ್ತ ಕಂಬದ ಬುಡದ ಕೆಸರನ್ನು ಕೊರೆದುಬಿಟ್ಟಿತ್ತು. ಬೆಳಗಿನ ಜಾವದ ಭರತಕ್ಕೆ ತೂಬಿನ ಪಕ್ಕದ ಒಡ್ಡು ಮೊದಲು ಕುಸಿಯಿತು, ಆಮೇಲೆ ಕರಗಿತು. ಇನಾಸ್ ಎದೆಮಟ್ಟದ ನೀರಿಗೆ ಇಳಿದು ಗಳ ಕಿತ್ತ. ಬಾಗಿಲು ಧಡ್ಡನೆ ಮುಚ್ಚಿಕೊಂಡಿತು. ಊರವರು ಓಡಿ ಬಂದಾಗ ಕಂಡದ್ದು ಮುಚ್ಚಿದ ಬಾಗಿಲು, ಒಡೆದ ಒಡ್ಡು.

ಆ ತಿಂಗಳು ಒಡ್ಡಿನ ಮೇಲೆ ಓಡಾಡಿ ಏಡಿಬಿಲಗಳನ್ನು ಹುಡುಕಿ ಮುಚ್ಚುವ ಸರದಿ ಲೋರ್ಸುವಿನದು. ಒಂದು ಬಿಲ ಬಿಟ್ಟರೂ ಒಡ್ಡಿಗೆ ಅಪಾಯ. ಎಲ್ಲರ ಕಣ್ಣೂ ಅವನ ಮೇಲೆ ತಿರುಗಿತು. "ಕುಡಿದು ಬಿದ್ದಿದ್ದೆಯಾ?" ಎಂದರು. ಲೋರ್ಸು ಕುಡಿಯುತ್ತಲೇ ಇರಲಿಲ್ಲ. ಇಪ್ಪತ್ತು ಸಲ ಅದೇ ಒಡ್ಡಿನ ಉಳಿದ ತುಂಡಿನ ಮೇಲೆ ನಡೆದು, "ಇಲ್ಲಿ ನೋಡಿದ್ದೆ, ಇಲ್ಲೂ ನೋಡಿದ್ದೆ" ಎಂದು ಹೇಳುತ್ತಿದ್ದ. ಸರಕಾರಕ್ಕೆ ಬರೆದ ಅರ್ಜಿಯಲ್ಲಿ ತೂಬುಗಾರನ ಹೇಳಿಕೆ ಬೇಕಾಯಿತು. ‘ಬಾಗಿಲು ಮುಚ್ಚಿತ್ತು’ ಎಂಬ ಸಾಲಿನ ಕೆಳಗೆ ಇನಾಸ್ ಸಹಿ ಹಾಕಿದ.

ಒಡ್ಡು ಮತ್ತೆ ಕಟ್ಟುವ ದಿನ ಹನ್ನೊಂದು ಮನೆಗಳಿಂದ ಬಂದವರು ನಾಲ್ಕೇ ಜನ. ಲೋರ್ಸು ಇರುವ ಕಡೆ ಕೆಸರು ಹೊರುವುದಿಲ್ಲ ಎಂದು ಉಳಿದವರು ಮನೆಯಲ್ಲೇ ಕೂತರು. ಅರೆಬರೆ ಕಟ್ಟಿದ್ದು ಮುಂದಿನ ಮಳೆಗೆ ಹೋಯಿತು. ನಾಲ್ಕು ವರ್ಷದ ಮೇಲೆ ಲೋರ್ಸು ಸತ್ತ. ಡಾಕ್ಟರು ಎದೆ ಎಂದರು. ಅವನ ಹೆಂಡತಿ ಪಿಯೇದಾ ಉಳಿದಳು.

ಕಿತೇರಿಗೆ ಗೊತ್ತಿತ್ತು. ಕೊಟ್ಟಿಗೆಯಲ್ಲಿ ಒದ್ದೆ ಗಳವನ್ನು ಅವಳೇ ನೋಡಿದ್ದಳು. ಅವಳು ಗಂಡನಿಗೆ ಹೇಳಿದ್ದು ಒಂದೇ ಮಾತು: "ನನಗೋಸ್ಕರ ಮಾಡಿದೆ ಅಂತ ಮಾತ್ರ ಯಾವತ್ತೂ, ಯಾರ ಹತ್ರಾನೂ ಹೇಳಬೇಡ."

ಮೂರನೆಯ ಉಪನ್ಯಾಸ ಮುಗಿದ ಮಾರನೆಯ ದಿನ ಇನಾಸ್ ಪಿಯೇದಾಳ ಮನೆಯ ಮೆಟ್ಟಿಲ ಬಳಿ ಹೋಗಿ ನಿಂತ. ಅವಳು ಕೊಕಮ್ ಹಣ್ಣಿನ ಸಿಪ್ಪೆ ಒಣಗಲು ಹರಡುತ್ತಿದ್ದಳು.

"ವಿಶ್ವವಿದ್ಯಾಲಯದವರು ಹೇಳ್ತಿದಾರೆ ಪಿಯೇದಾ. ಒಡ್ಡು ಹೋದದ್ದು ಸಮುದ್ರದಿಂದ. ಲೋರ್ಸುದು ಏನೂ ತಪ್ಪಿಲ್ಲ."

ಪಿಯೇದಾ ಕೈ ನಿಲ್ಲಿಸಿದಳು. "ಯಾರು ಹೇಳಿದ್ದು?"

"ದೊಡ್ಡ ಪ್ರಾಧ್ಯಾಪಕಿ. ಗೆರೆ ಎಳೆದು ತೋರಿಸಿದ್ರು."

"ಮುಂದಿನ ಗುರುವಾರ ನಾನೂ ಬರ್ತೀನಿ. ನನ್ನ ಕಿವಿಯಾರೆ ಕೇಳಬೇಕು."

ಕರೆಯಲೆಂದು ಅವನು ಹೋಗಿರಲಿಲ್ಲ. ಆದರೆ ಬರಬೇಡ ಎಂದು ಹೇಳುವುದು ಹೇಗೆ? ನಾಲ್ಕನೆಯ ಗುರುವಾರ ಇಬ್ಬರೂ ಒಟ್ಟಿಗೆ ಬಸ್ಸು ಹತ್ತಿದರು. ಪಿಯೇದಾ ಹೂವಿನ ಉಡುಪು ತೊಟ್ಟು, ಕೊಡೆ ಹಿಡಿದು, ಕಿಟಕಿಯ ಕಡೆ ಕೂತಳು.

"ಆ ಕೋಟು ನಿನ್ನ ಮದುವೇದಲ್ವಾ?" ಎಂದು ಕೇಳಿದಳು.

"ಹೌದು."

"ಆಗಲೂ ಸರಿಯಾಗಿ ಕೂತಿರಲಿಲ್ಲ. ಕಿತೇರಿ ಪೂರಾ ಮದುವೆ ನಿನ್ನ ತೋಳು ಎಳೆಯೋದ್ರಲ್ಲೇ ಕಳೆದ್ಲು."

ಅವಳು ನಕ್ಕಿದ್ದನ್ನು ಇನಾಸ್ ಹದಿನೆಂಟು ವರ್ಷದಲ್ಲಿ ಮೊದಲ ಸಲ ನೋಡಿದ್ದು. ಆ ದಿನದ ಉಪನ್ಯಾಸ ಕಾಂಡ್ಲಾ ಕಾಡಿನ ಬಗ್ಗೆ. ಚಹಾದ ಹೊತ್ತಿಗೆ ಪಿಯೇದಾ ನೇರ ಸುಲಕ್ಷಾ ಬಾಯಿಯ ಹತ್ತಿರ ಹೋಗಿ ಖಾರೆಭಾಟದ ಒಡ್ಡಿನ ವಿಷಯ ಕೇಳಿದಳು. ಅವರು ಅವಳ ಕೈ ಹಿಡಿದುಕೊಂಡು ಮತ್ತೊಮ್ಮೆ ಹೇಳಿದರು. ಪಿಯೇದಾ ಒದ್ದೆ ಕಣ್ಣಲ್ಲಿ ಹಿಂದೆ ಬಂದಳು. "ಇಷ್ಟು ವರ್ಷ ನನಗೇ ಅನುಮಾನ ಇತ್ತು ಇನಾಸ್. ಗಂಡನ ಮೇಲೆ. ಒಂದು ದಿನ ಬಾಯಿಬಿಟ್ಟು ಕೇಳಿಯೂ ಬಿಟ್ಟಿದ್ದೆ. ಅವನು ಊಟ ಬಿಟ್ಟು ಎದ್ದು ಹೋದ" ಎಂದಳು. ಇನಾಸ್ ಕೈಯಲ್ಲಿದ್ದ ಬಿಸ್ಕೀಟನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಆ ವಾರ ಅವನಿಗೆ ನಿದ್ದೆ ಬರಲಿಲ್ಲ. ಆದರೂ ಬಾಯಿ ಬಿಡುವ ಯೋಚನೆ ಅವನಿಗಿರಲಿಲ್ಲ. ಸಮುದ್ರ ಆ ಭಾರ ಹೊರುತ್ತದೆ, ಲೋರ್ಸುವಿನ ಹೆಸರು ತೊಳೆದುಹೋಯಿತು, ಪಿಯೇದಾಳಿಗೆ ಸಮಾಧಾನವಾಯಿತು, ಇನ್ನೇನು ಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಐದನೆಯ ಉಪನ್ಯಾಸದ ವಿಷಯ, ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬಿಟ್ಟುಕೊಡಬೇಕು ಎನ್ನುವುದು. ಪರದೆಯ ಮೇಲೆ ನದಿಯ ಎರಡೂ ದಂಡೆಯ ಗದ್ದೆಗಳ ನಕ್ಷೆ ಇತ್ತು. ಹಸಿರು ಹಾಕಿದ ಕಡೆ ಒಡ್ಡು ಗಟ್ಟಿ ಮಾಡಬಹುದು. ಬೂದು ಹಾಕಿದ ಕಡೆ ಮನುಷ್ಯನ ಪ್ರಯತ್ನ ವ್ಯರ್ಥ, ನೀರಿಗೆ ಬಿಡುವುದೇ ಜಾಣತನ. ಖಾರೆಭಾಟ ಬೂದು ಬಣ್ಣದಲ್ಲಿತ್ತು.

ಮುಂದಿನ ಸಾಲಿನಿಂದ ಎಡ್ವಿನ್ ಎದ್ದ. ಮೂವತ್ತರ ಯುವಕ, ಖಾರೆಭಾಟದವನೇ. ಎರಡು ವರ್ಷದಿಂದ ಒಡ್ಡು ಮತ್ತೆ ಕಟ್ಟಿಸಲು ಮನೆಮನೆ ತಿರುಗಿ ಜನ ಸೇರಿಸುತ್ತಿದ್ದವನು.

"ಬಾಯ್, ನಮ್ಮೂರಿಗೆ ಯಾಕೆ ಬೂದು? ಪಕ್ಕದ ಊರಿಗೆ ಹಸಿರು ಹಾಕಿದೀರಿ. ನೀರು ಒಂದೇ ಅಲ್ವಾ?"

"ಒಂದೇ. ಆದ್ರೆ ನಿಮ್ಮಲ್ಲಿ ಬಾಗಿಲು ಮುಚ್ಚಿದ್ದಾಗಲೇ ಹೊಸ ಒಡ್ಡು ಹೋಗಿದೆ. ಅಂದ್ರೆ ಕೆಳಗಿನ ನೆಲವೇ ತಡೆಯಲ್ಲ ಅಂತ ಅರ್ಥ. ಅಲ್ಲಿ ಮತ್ತೆ ಕಟ್ಟಿ ಅಂತ ನಾನು ಸರಕಾರಕ್ಕೆ ಹೇಗೆ ಬರೆದುಕೊಡಲಿ? ಜನರ ಬೆವರು ದಂಡ ಆಗುತ್ತೆ."

"ಮುಚ್ಚಿತ್ತು ಅಂತ ಏನು ಗ್ಯಾರಂಟಿ?"

ಸುಲಕ್ಷಾ ಬಾಯಿ ಒಂದು ಗುಂಡಿ ಒತ್ತಿದರು. ಪರದೆಯ ತುಂಬ ಹಳೆಯ ಅರ್ಜಿ ಬಂತು, ಹಳದಿಯಾದ ಕಾಗದ, ಗೋಡೆಯಷ್ಟು ದೊಡ್ಡದಾಗಿ. "ತೂಬುಗಾರನೇ ಬರೆದುಕೊಟ್ಟಿದಾನೆ, ನೋಡಿ."

ಕೆಳಗೆ ಸಹಿ. ಒಂದೊಂದು ಅಕ್ಷರ ಒಂದು ಆಳಿನಷ್ಟು ಎತ್ತರ.

ಪಿಯೇದಾ ಕನ್ನಡಕ ಸರಿಮಾಡಿಕೊಂಡು ಓದಿದಳು. "ನಿನ್ನ ಸಹಿ ಇನಾಸ್" ಎಂದಳು. ಆಮೇಲೆ, ತನಗೇ ಹೇಳಿಕೊಂಡ ಹಾಗೆ, "ಅಂದ್ರೆ ಆ ನೆಲವೇ ಹಾಗಂತೆ. ಲೋರ್ಸು ಅಷ್ಟು ವರ್ಷ ಕೆಸರು ಹೊತ್ತದ್ದೆಲ್ಲ ನೀರಿಗೆ ಹಾಕಿದ ಹಾಗೆ" ಎಂದಳು.

ಎಡ್ವಿನ್ ಕೂರುತ್ತಿದ್ದ. ಅವನ ಹೆಗಲು ಇಳಿದದ್ದು ಹಿಂದಿನ ಸಾಲಿಗೂ ಕಾಣುತ್ತಿತ್ತು. ಅವನು ಕುರ್ಚಿ ಮುಟ್ಟುವುದರೊಳಗೆ ಇನಾಸ್ ಎದ್ದು ನಿಂತಿದ್ದ. ಎದ್ದದ್ದು ಅವನಿಗೇ ಗೊತ್ತಾದದ್ದು ಯಾರೋ ಕೈಗೆ ಮೈಕು ಕೊಟ್ಟಾಗ.

"ಬಾಯ್, ಆ ಕಾಗದ ಸುಳ್ಳು."

ಮೈಕು ಕಿರಿಚಿತು. ಅವನು ಅದನ್ನು ಬಾಯಿಂದ ದೂರ ಹಿಡಿದ.

"ಸಹಿ ಹಾಕಿದ್ದು ನಾನೇ. ಬಾಗಿಲು ಮುಚ್ಚಿರಲಿಲ್ಲ. ಗಳ ಕೊಟ್ಟು ತೆರೆದಿಟ್ಟಿದ್ದೆ. ಮೂರು ಭರತ. ಕಂಬದ ಬುಡ ಕೊರೆದುಹೋಗಿ ಒಡ್ಡು ಕೂತಿತು. ಆಮೇಲೆ ಗಳ ಕಿತ್ತೆ. ನಮ್ಮ ನೆಲದಲ್ಲಿ ಏನೂ ದೋಷ ಇಲ್ಲ. ನನ್ನ ಅಜ್ಜನ ಕಾಲದಿಂದ ಆ ಜಾಗ ಒಡ್ಡನ್ನ ಹೊತ್ತಿದೆ."

"ಯಾಕೆ ತೆರೆದ್ರಿ?" ಎಡ್ವಿನ್ ಹಿಂದಕ್ಕೆ ತಿರುಗಿ ಕೇಳಿದ.

"ಸಿಗಡಿಗೆ."

"ಯಾರು ಹೇಳಿದ್ದು ತೆರೆಯೋಕೆ? ಬೆನಿತನಾ?"

ಬೆನಿತ್ ಸತ್ತು ಹತ್ತು ವರ್ಷವಾಗಿತ್ತು. ಅವನ ಹೆಸರು ಹೇಳಿದ್ದರೆ ಯಾರೂ ಅಡ್ಡಬರುತ್ತಿರಲಿಲ್ಲ. ಜೀಪಿನ ಮಾತು ಹೇಳಿದ್ದರೆ ಸಭೆಯಲ್ಲಿ ನಾಲ್ಕು ಜನ ಅಯ್ಯೋ ಪಾಪ ಎನ್ನುತ್ತಿದ್ದರು.

"ಗಳ ಇಟ್ಟಿದ್ದು ನನ್ನ ಕೈ" ಎಂದ ಇನಾಸ್. "ಲೋರ್ಸು ಏಡಿಬಿಲ ಒಂದನ್ನೂ ಬಿಟ್ಟಿರಲಿಲ್ಲ. ಅವನ ಹಾಗೆ ಒಡ್ಡು ನೋಡೋನು ಊರಲ್ಲೇ ಇರಲಿಲ್ಲ."

ಸುಲಕ್ಷಾ ಬಾಯಿ ಪರದೆಯಿಂದ ಕಾಗದವನ್ನು ತೆಗೆದರು. "ನೀವು ಹೇಳಿದ್ದು ನಿಜ ಆದ್ರೆ ನನ್ನ ನಕ್ಷೆ ಅಲ್ಲಿ ತಪ್ಪು. ಭಾನುವಾರ ನಾನು ಬಂದು ನೋಡ್ತೀನಿ" ಎಂದರು. ಬೈಗುಳವೂ ಇಲ್ಲ, ಸಮಾಧಾನವೂ ಇಲ್ಲ. ಇನಾಸ್ ಕೂರಲು ತಿರುಗಿದಾಗ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಪಿಯೇದಾ ಆಗಲೇ ಹೊರಗೆ ಹೋಗಿದ್ದಳು. ಬಸ್ಸಿನಲ್ಲಿ ಅವಳು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಿದ್ದಳು, ಅವನು ಕೊನೆಯ ಸೀಟಿನಲ್ಲಿ.

ಭಾನುವಾರ ಸುಲಕ್ಷಾ ಬಾಯಿ ಇಬ್ಬರು ವಿದ್ಯಾರ್ಥಿನಿಯರೊಂದಿಗೆ ಬಂದರು. ಇಳಿತದ ಹೊತ್ತು. ಇಪ್ಪತ್ತೆರಡು ವರ್ಷದ ಮೇಲೆ ಇನಾಸ್ ಆ ಹಾದಿ ತುಳಿದ. ಅವರು ಮೊಣಕಾಲುದ್ದ ಕೆಸರಿಗೆ ಇಳಿದು ತೂಬಿನ ಮುಂದೆ ಕೋಲು ಊರಿ ಆಳ ಅಳೆದರು. ಕಂಬದ ಬುಡದಲ್ಲಿ ಎರಡಾಳು ಆಳದ ಗುಂಡಿ ಇತ್ತು. ಆಚೆ ಎಲ್ಲೂ ಅಷ್ಟು ಆಳವಿರಲಿಲ್ಲ. "ಹೌದು, ಕೊರೆದದ್ದು ಇಲ್ಲಿಂದಲೇ" ಎಂದರು.

ಇನಾಸ್ ಕಂಬದ ಒಳಮೈ ತೋರಿಸಿದ. ಪ್ರತಿ ವರ್ಷದ ಅತಿ ಎತ್ತರದ ಭರತಕ್ಕೆ ಒಂದೊಂದು ಗೀಟು ಉಳಿಯಿಂದ ಹೊಡೆದಿದ್ದ, ಇಪ್ಪತ್ತೊಂಬತ್ತು ಗೀಟು. "ಇದು ನಿಮಗೆ ಉಪಯೋಗ ಆಗುತ್ತಾ ಬಾಯ್?" ಎಂದು ಕೇಳಿದ. ಕೊಡಲು ಅವನ ಹತ್ತಿರ ಇದ್ದದ್ದು ಅದೊಂದೇ.

ಅವರು ಬಹಳ ಹೊತ್ತು ನೋಡಿದರು, ಫೋಟೋ ತೆಗೆದರು, ಕೊನೆಗೆ ತಲೆಯಲ್ಲಾಡಿಸಿದರು. "ಇದನ್ನ ಸಾಕ್ಷಿ ಅಂತ ಇಡೋಕಾಗಲ್ಲ ಇನಾಸ್ ಬಾಬ್. ನೀವು ಗೀಟು ಹೊಡೀತಿದ್ದ ಕಾಲದಲ್ಲೇ ಕಂಬ ಎಷ್ಟು ಕೂತಿದೆ ಅಂತ ಯಾರಿಗೂ ಗೊತ್ತಿಲ್ಲ. ನೀರು ಏರಿತೋ ಕಂಬ ಇಳೀತೋ ಹೇಗೆ ಹೇಳೋದು?"

"ಹಾಗಾದ್ರೆ ಸಮುದ್ರ ಏರ್ತಿಲ್ವಾ?"

"ಏರ್ತಿದೆ. ಅದರಲ್ಲಿ ಅನುಮಾನವೇ ಇಲ್ಲ. ನಿಮ್ಮ ಒಡ್ಡನ್ನ ಒಡೆದದ್ದು ಅದಲ್ಲ, ಅಷ್ಟೇ. ಮುಂದೆ ಒಡೆದ್ರೂ ಒಡೀಬಹುದು." ಅವರು ಕೈಯ ಕೆಸರನ್ನು ಹುಲ್ಲಿಗೆ ಒರೆಸಿಕೊಂಡರು. "ಆ ಕಾಗದವನ್ನ ನಾನು ಹದಿನಾಲ್ಕು ಸಭೆಯಲ್ಲಿ ತೋರಿಸಿದೀನಿ. ಹದಿನಾಲ್ಕು ಕಡೆಗೂ ಈಗ ಬರೆದು ಹೇಳಬೇಕು."

ಅವರು ಹೋದ ಮೇಲೆ ಇನಾಸ್ ಮನೆ ಮುಟ್ಟುವಾಗ ಜಗುಲಿಯಲ್ಲಿ ಪಿಯೇದಾ ಕೂತಿದ್ದಳು. ಕೊಡೆ ಮಡಿಲಲ್ಲಿತ್ತು.

"ಕೂತ್ಕೋಬೇಡ" ಎಂದಳು. "ನಿಂತೇ ಕೇಳು. ಗುಡ್ಡದ ಮೇಲೆ ಹೇಳಿದೆಯಲ್ಲ, ಅಲ್ಲಿದ್ದೋರಲ್ಲಿ ನನ್ನ ಗಂಡನಿಗೆ ಬೈದೋರು ಒಬ್ಬರೂ ಇರಲಿಲ್ಲ. ಬೈದೋರು ಇಲ್ಲಿದಾರೆ. ಹನ್ನೊಂದು ಮನೇಲಿ ನಿನ್ನದು ಬಿಡು, ನನ್ನದು ಬಿಡು. ಒಂಬತ್ತು ಮನೆ. ಒಂದೊಂದರ ಬಾಗಿಲಿಗೂ ಹೋಗಿ ಹೇಳು."

"ಹೇಳ್ತೀನಿ."

"ನಾನು ಹಿಂದೆ ಬರ್ತೀನಿ. ಕಿವಿಯಾರೆ ಕೇಳಬೇಕು."

ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ ಕೊಡೆ ಹಿಡಿದು, ಆ ಸಂಜೆ ಐದು ಮನೆ, ಮಾರನೆಯ ಬೆಳಿಗ್ಗೆ ನಾಲ್ಕು ಮನೆ. ಎಲ್ಲ ಕಡೆಯೂ ಒಂದೇ ಮಾತು: ಬಾಗಿಲು ತೆರೆದಿಟ್ಟವನು ನಾನು, ಲೋರ್ಸು ನಿರಪರಾಧಿ. ಒಂದು ಮನೆಯವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ಮನೆಯ ಮುದುಕಿ ಅವನ ಕಾಲ ಬಳಿ ಉಗಿದಳು. ಮತ್ತೊಬ್ಬ, "ಆಯ್ತು ಬಿಡು ಮಾರಾಯ, ಹಳೇ ಮಾತು" ಎಂದ. ಹಿಂದಿನಿಂದ ಪಿಯೇದಾ, "ಹಳೇದಲ್ಲ. ಪೂರ್ತಿ ಕೇಳು" ಎಂದಳು. ಅವನು ಪೂರ್ತಿ ಕೇಳಿದ.

ಕೊನೆಯ ಮನೆ ಕಾಶ್ಮಿರ್ ಮುದುಕನದು. ಊರಲ್ಲಿ ಲೋರ್ಸುವಿನ ಮೇಲೆ ಮೊದಲು ಬೊಟ್ಟು ಮಾಡಿದವನು ಅವನೇ. ಎಂಬತ್ತೆಂಟಾಗಿತ್ತು, ಕಿವಿ ಕೇಳಿಸುತ್ತಿರಲಿಲ್ಲ. ಇನಾಸ್ ಮೆಲ್ಲಗೆ ಹೇಳಿದರೆ, "ಏನು, ಪಾದ್ರಿ ಬಂದಿದಾರಾ?" ಎಂದು ಕೇಳಿದ. ಇನಾಸ್ ಅವನ ಕಿವಿಗೆ ಬಾಯಿಟ್ಟು ಕೂಗಬೇಕಾಯಿತು. ದನಿ ಕೇಳಿ ದಾರಿಯಲ್ಲಿ ಹೋಗುತ್ತಿದ್ದವರು ನಿಂತರು, ಬಸ್ಸಿಗೆ ಕಾಯುತ್ತಿದ್ದ ಹುಡುಗಿಯರು ತಿರುಗಿ ನೋಡಿದರು. "ಗಳ ಇಟ್ಟಿದ್ದು ನಾನು!" ಎಂದು ಅವನು ಮೂರು ಸಲ ಕೂಗಿದ. ಮೂರನೆಯ ಸಲಕ್ಕೆ ಕಾಶ್ಮಿರನಿಗೆ ಅರ್ಥವಾಯಿತು. ಮುದುಕ ಕೈಯಾಡಿಸಿ ಪಿಯೇದಾಳನ್ನು ಹತ್ತಿರ ಕರೆದ. ಅವಳು ಹೋಗಲಿಲ್ಲ. ಕೊಡೆ ಬಿಚ್ಚಿಕೊಂಡು ಮನೆಯ ಕಡೆ ನಡೆದುಬಿಟ್ಟಳು.

ಆರನೆಯ ಗುರುವಾರ ಸುಲಕ್ಷಾ ಬಾಯಿ ಮಾತು ಶುರುಮಾಡಿದ್ದೇ, "ಕಳೆದ ವಾರ ಈ ನಕ್ಷೆಯಲ್ಲಿ ನಾನು ತಪ್ಪು ಮಾಡಿದ್ದೆ" ಎಂದು. ಖಾರೆಭಾಟದ ಮೇಲೆ ಬೂದು ಹೋಗಿ ಹಸಿರು ಗೆರೆಗಳು ಬಂದಿದ್ದವು. ಪೂರಾ ಹಸಿರಲ್ಲ. "ಪ್ರಯತ್ನ ಮಾಡಬಹುದು. ಇಪ್ಪತ್ತು ವರ್ಷ ಬಂದೀತು, ಮೂವತ್ತು ಬಂದೀತು. ಆಮೇಲಿನದನ್ನ ನಾನು ಹೇಳಲಾರೆ" ಎಂದರು. ಇನಾಸ್ ಹಿಂದಿನ ಸಾಲಿನಲ್ಲಿ ಒಬ್ಬನೇ ಕೂತಿದ್ದ. ಅವನ ಎರಡೂ ಪಕ್ಕದ ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ.

ಊರು ಅವನನ್ನು ಹೊರಗೆ ಹಾಕಲಿಲ್ಲ, ಒಳಗೂ ಕರೆಯಲಿಲ್ಲ. ಚರ್ಚಿನಲ್ಲಿ ಅವನ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಒಡ್ಡಿನ ಕೆಲಸ ಶುರುವಾದಾಗ ಎಡ್ವಿನ್ ಮಾತ್ರ ಬಂದು, "ಬಾಗಿಲು ಕೂರಿಸೋದು ನಮಗ್ಯಾರಿಗೂ ಗೊತ್ತಿಲ್ಲ. ತೋರಿಸಿಕೊಡಿ. ಆದ್ರೆ ತೂಬು ನಿಮ್ಮ ಕೈಗೆ ಕೊಡಲ್ಲ" ಎಂದ. "ಕೊಡಬೇಡ" ಎಂದ ಇನಾಸ್. ಬೇಸಗೆಯ ಎರಡು ತಿಂಗಳು ಅವನು ದಂಡೆಯಲ್ಲಿ ನಿಂತು ಮರ ಆರಿಸಿದ, ಕೀಲು ಅಳೆದ, ನೀರಿನ ಸದ್ದು ಹೇಗಿದ್ದರೆ ಬಾಗಿಲು ಕೂತಿದೆ ಎಂದು ಕಿವಿಗೊಟ್ಟು ತಿಳಿಯುವುದನ್ನು ಎಡ್ವಿನನಿಗೆ ಕಲಿಸಿದ. ಈ ಸಲ ಹನ್ನೊಂದು ಮನೆಗಳಿಂದಲೂ ಜನ ಬಂದಿದ್ದರು.

ಮೊದಲ ಎರಡು ಮಳೆಗಾಲ ಒಡ್ಡು ನಿಂತಿತು, ಕೊರ್ಗುಟ್ ಭತ್ತ ತೆನೆಗಟ್ಟಿತು. ಮೂರನೆಯ ವರ್ಷ ಆಗಸ್ಟಿನಲ್ಲಿ ಬಿರುಗಾಳಿಯ ಜೊತೆ ಬಂದ ಭರತ ಒಡ್ಡಿನ ತಲೆಯ ಮೇಲಿಂದಲೇ ಉಕ್ಕಿತು. ನಾಲ್ಕು ಗದ್ದೆ ಹೋಯಿತು, ಉಳಿದವು ಉಳಿದವು. ಆ ಬೇಸಗೆಯಲ್ಲಿ ಒಡ್ಡನ್ನು ಒಂದು ಮೊಳ ಏರಿಸಲು ಊರೆಲ್ಲ ಮತ್ತೆ ಕೆಸರಿಗಿಳಿಯಿತು.

ಇನಾಸನಿಗೆ ಆಗ ಎಪ್ಪತ್ನಾಲ್ಕು. ಬುಟ್ಟಿ ಹೊರಲಾರದೆ ಹುಲ್ಲು ಹಾಸುವ ಕೆಲಸ ಹಿಡಿದಿದ್ದ. ಮಧ್ಯಾಹ್ನ ಪಿಯೇದಾ ದೊಡ್ಡ ಪಾತ್ರೆಯಲ್ಲಿ ಪೇಜ್ ತಂದಳು. ಸಾಲಾಗಿ ಕೂತವರಿಗೆ ಒಂದು ಕಡೆಯಿಂದ ಬಡಿಸುತ್ತ ಬಂದಳು. ಆ ಮೂರು ವರ್ಷ ಅವಳು ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಇನಾಸ್ ಸಾಲಿನಿಂದ ಸ್ವಲ್ಪ ದೂರ ಕೂತಿದ್ದ. ತನ್ನ ಪಾಲಿನ ಒಣ ಪಾಂವ್ ಬ್ರೆಡ್ಡನ್ನು ಚೀಲದಿಂದ ತೆಗೆಯುತ್ತಿದ್ದ.

ಅವಳು ಸಾಲು ಮುಗಿಸಿ, ಅವನಿದ್ದಲ್ಲಿಗೆ ನಡೆದು ಬಂದು, ಎಲ್ಲರಿಗೂ ಹಾಕಿದಷ್ಟೇ ಪೇಜನ್ನು ಒಂದು ತಟ್ಟೆಗೆ ಹಾಕಿ ಮುಂದಿಟ್ಟಳು.

"ಉಪ್ಪಿನಕಾಯಿ ಬೇಕಾ?"

"ಹಾಕು" ಎಂದ ಇನಾಸ್.

ಅವಳು ಒಂದು ಹೋಳು ಹಾಕಿ,‌ ಪಾತ್ರೆ ಸೊಂಟಕ್ಕೇರಿಸಿಕೊಂಡು, ಉಳಿದವರಿಗೆ ಎರಡನೆಯ ಸಲ ಬಡಿಸಲು ಹೋದಳು.